ಮೂರಡಿ ಎತ್ತರದವರ ಪರಿಷೆ

ಕಾರ್ತಿಕ ಮಾಸದ ಕಡೆಯ ಸೋಮವಾರ ಹತ್ತಿರವಾದಂತೆ ಜಯನಗರ, ಬನಶಂಕರಿ, ಜೆ.ಪಿ. ನಗರದ ಮನೆಗಳಲ್ಲಿ ಒಂದು ಜಗ್ಗಾಟ ಶುರುವಾಗುತ್ತದೆ. ಮಗುವನ್ನು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕರೆದೊಯ್ಯಲೇಬೇಕು ಎನ್ನುತ್ತಾರೆ ಅಜ್ಜಿ. ಆ ನೂಕುನುಗ್ಗಲಲ್ಲಿ ಬೇಡಮ್ಮ ಎನ್ನುತ್ತಾನೆ ಮಗ. ಇಬ್ಬರ ಮಾತಿನಲ್ಲೂ ಹುರುಳಿದೆ. ಹಾಗಿರುವುದೇ ಸಮಸ್ಯೆ.

ಅಜ್ಜಿಯ ಪಕ್ಷವನ್ನೇ ಮೊದಲು ನೋಡೋಣ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರು ಹೊಲಕ್ಕೆ ನುಗ್ಗುತ್ತಿದ್ದ ಬಸವನಿಗೆ ಮೊದಲ ಫಸಲು ಒಪ್ಪಿಸತೊಡಗಿದರು ಎಂಬುದು ಪರಿಷೆಯ ಹಿಂದಿನ ಕಥೆ. ಆ ಹೊಲಗಳೆಲ್ಲ ಬಡಾವಣೆಗಳಾಗಿ ಎಷ್ಟೋ ಕಾಲವಾಯಿತು. ಕಾಯಿ ಮಾತ್ರ ಚಿಂತಾಮಣಿ, ಮಾಗಡಿ ಕಡೆಯಿಂದ, ಗಡಿಯಾಚೆಯ ಧರ್ಮಪುರಿಯಿಂದ ಇಂದಿಗೂ ಬರುತ್ತದೆ. ಟಾರ್ಪಾಲಿನ ಮೇಲೆ ಸುರಿದ ರಾಶಿ ಮೂರು ವರ್ಷದ ಮಗುವಿನ ಕಣ್ಣಿನ ಮಟ್ಟಕ್ಕೇ ಇರುತ್ತದೆ. ದೊಡ್ಡವರು ಬಗ್ಗಬೇಕು, ಮಗು ಬಗ್ಗಬೇಕಿಲ್ಲ. ಕಾಯಿಗೆ ಇನ್ನೂ ಮಣ್ಣು ಅಂಟಿರುತ್ತದೆ. ಸೇರಿನಲ್ಲಿ ಅಳೆದು ಚೀಲಕ್ಕೆ ಸುರಿದ ಮೇಲೆ ಮಾರುವವಳು ‘ತಗೋ ಕಂದ’ ಎಂದು ಒಂದು ಹಿಡಿ ಕೊಸರು ಮಗುವಿನ ಕೈಗೇ ಹಾಕುತ್ತಾಳೆ. ಹತ್ತು ನಿಮಿಷದಲ್ಲಿ ದಿನಸಿ ಬಾಗಿಲಿಗೆ ಬರುವ ಮನೆಯಲ್ಲಿ ಬೆಳೆಯುವ ಮಗುವಿಗೆ ಚೌಕಾಸಿ, ಅಳತೆ, ಕೊಸರು ಎಲ್ಲವೂ ಹೊಸದೇ.

ಸಂಜೆಯಾಯಿತೆಂದರೆ ಮಗನ ಮಾತು ನಿಜವಾಗುತ್ತದೆ. ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಮಗುವಿಗೆ ಕಾಣುವುದು ಬರೀ ಮೊಣಕಾಲು, ಕೈಚೀಲ. ಪೀಪಿಗಳು ಊದುವುದು ಅದರ ಕಿವಿಯ ಪಕ್ಕದಲ್ಲೇ. (ಆ ಪ್ಲಾಸ್ಟಿಕ್ ಪೀಪಿಯನ್ನು ನಿಷೇಧಿಸುವವರಿಗೆ ನನ್ನ ಮತ ಖಚಿತ.) ಕೊನೆಗೆ ಅಪ್ಪ ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. ಅಲ್ಲಿಗೆ ಮಗು ಸುರಕ್ಷಿತ, ಆದರೆ ಕಡಲೆಕಾಯಿ ರಾಶಿ ಕೈಗೆಟುಕದು.

2025ರಲ್ಲಿ ಪರಿಷೆಯನ್ನು ನವೆಂಬರ್ 17ರಿಂದ ಐದು ದಿನಕ್ಕೆ ವಿಸ್ತರಿಸಲಾಯಿತು. ವ್ಯಾಪಾರಿಗಳಿಗೆ ಅನುಕೂಲವಾಯಿತು, ಸಂತೋಷ. ಆದರೆ ಮಕ್ಕಳಿಗೆ ಬೇಕಿರುವುದು ಹೆಚ್ಚು ದಿನಗಳಿಗಿಂತ ತುಸು ಖಾಲಿ ಜಾಗ. ಐದರಲ್ಲಿ ಎರಡು ಬೆಳಗುಗಳನ್ನು ಪುಟ್ಟ ಮಕ್ಕಳ ಕುಟುಂಬಗಳಿಗೆಂದು ಸಾರಿದರೆ, ಕಹಳೆಬಂಡೆ ಉದ್ಯಾನದ ಬಳಿ ಹಾಲುಣಿಸಲು ಒಂದು ಮರೆ, ಶುಚಿಯಾದ ಶೌಚಾಲಯ, ತಪ್ಪಿಸಿಕೊಂಡ ಮಕ್ಕಳಿಗೊಂದು ಚೌಕಿ ಇಟ್ಟರೆ, ಮನೆಯ ಜಗ್ಗಾಟದಲ್ಲಿ ಅಜ್ಜಿಯೇ ಗೆಲ್ಲುತ್ತಾರೆ. ಹಸಿರು ಮಾರ್ಗದ ಮೆಟ್ರೊ ಹಿಡಿದು ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಮೂರಡಿಗಿಂತ ಕುಳ್ಳಗಿರುವವರಿಗೆ ನಮ್ಮ ಮೆಟ್ರೊದಲ್ಲಿ ಟಿಕೆಟ್ ಇಲ್ಲ.

ಆ ಎತ್ತರದಿಂದ ಊರನ್ನು ನೋಡುವುದು ಈಗ ಜಗತ್ತಿನ ಹಲವು ನಗರಗಳ ಯೋಜನೆಯಲ್ಲಿದೆ. ಮೂರು ವರ್ಷದ ಆರೋಗ್ಯವಂತ ಮಗುವಿನ ಸರಾಸರಿ ಎತ್ತರ 95 ಸೆಂ.ಮೀ. ಅದನ್ನೇ ಹೆಸರಾಗಿಸಿಕೊಂಡ ‘ಅರ್ಬನ್95’ ನೆದರ್ಲೆಂಡ್ಸ್‌ನ ವಾನ್ ಲೀರ್ ಪ್ರತಿಷ್ಠಾನದ ಕಾರ್ಯಕ್ರಮ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ಇದೇ ಪ್ರತಿಷ್ಠಾನದ ಜತೆ 2020ರಲ್ಲಿ ಪುಟ್ಟ ಮಕ್ಕಳ ನೆರೆಹೊರೆಗಾಗಿ ಆರಂಭಿಸಿದ ಸ್ಪರ್ಧೆಯಲ್ಲಿ ಬೆಂಗಳೂರು, ಹುಬ್ಬಳ್ಳಿ–ಧಾರವಾಡ ಎರಡೂ ಇದ್ದವು. ಪರಿಷೆಯ ಸಿದ್ಧತಾ ಸಭೆಗಳಲ್ಲಿ ಮಾತ್ರ ಮುಖ್ಯ ವಿಷಯ ಮಳಿಗೆ, ಬಂದೋಬಸ್ತು, ಪಾರ್ಕಿಂಗ್.

ಇಷ್ಟಕ್ಕೂ ಪರಿಷೆಗೆ ಜನ ಹೀಗೆ ಮುಗಿಬೀಳುವುದು ಬರೀ ಭಕ್ತಿಯಿಂದಲ್ಲ. ವಾಹನವಿಲ್ಲದ ಇಂಥ ರಸ್ತೆ ಇಲ್ಲಿನ ಮಕ್ಕಳಿಗೆ ಬೇರೆ ದಿನ ಸಿಗುವುದೇ ಅಪರೂಪ. ಬೊಗೊಟಾ ನಗರ 1974ರಿಂದ ಭಾನುವಾರಗಳಂದು ಮುಖ್ಯರಸ್ತೆಗಳನ್ನು ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟುಕೊಡುತ್ತಿದೆ. ಈಗ ಅದು 120 ಕಿ.ಮೀ. ದಾಟಿದೆ. ನಮ್ಮಲ್ಲೂ 2013ರಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ‘ಸೈಕಲ್ ಡೇ’ ಆರಂಭಿಸಿ ಬಡಾವಣೆಗಳಿಗೂ ಒಯ್ದಿತ್ತು. ಕಬ್ಬನ್ ಪಾರ್ಕಿನ ಒಳರಸ್ತೆಗಳಿಗೆ ಭಾನುವಾರ ವಾಹನ ಬಿಡದಿದ್ದಾಗ ಊರೇನೂ ಮುಳುಗಲಿಲ್ಲ.

ಬಡಾವಣೆಗಳಲ್ಲೂ ಭಾನುವಾರ ಬೆಳಿಗ್ಗೆ ರಸ್ತೆಯೊಂದನ್ನು ವಾಹನಗಳಿಗೆ ಮುಚ್ಚಬಹುದಲ್ಲ ಎಂದರೆ, ಅಂಗಡಿಯವರು ಒಪ್ಪುವುದಿಲ್ಲ ಎಂಬ ಆಕ್ಷೇಪ ಹಗುರವಲ್ಲ. ಜಯನಗರ 4ನೇ ಬ್ಲಾಕಿನ ವ್ಯಾಪಾರ ನಿಂತಿರುವುದೇ ಬಂದುಹೋಗುವವರ ಮೇಲೆ. ಆದರೆ ಭಾನುವಾರ ಬೆಳಿಗ್ಗೆ ಒಂಬತ್ತರವರೆಗೆ ಅಲ್ಲಿ ಹೆಚ್ಚಿನ ಬಟ್ಟೆ ಅಂಗಡಿಗಳ ಷಟರ್ ಎದ್ದಿರುವುದಿಲ್ಲ. ಹೋಟೆಲಿನವರಿಗಂತೂ ಇಡ್ಲಿ ಸಾಲದೆ ಬಂದೀತು. ಆಂಬುಲೆನ್ಸಿಗೆ ಒಂದು ಪಕ್ಕ ಬಿಟ್ಟರಾಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ದಕ್ಷಿಣದ ಪಾಲಿಕೆ ತಿಂಗಳಿಗೊಂದು ಭಾನುವಾರ, ಬಡಾವಣೆಗೊಂದು ರಸ್ತೆಯಂತೆ ಇದನ್ನು ಆರು ತಿಂಗಳು ನಡೆಸಿ ನೋಡಲಿ. ಸಂಚಾರ ಪೊಲೀಸರ ಆದೇಶ, ನಾಲ್ಕಾರು ಬ್ಯಾರಿಕೇಡು, ಮುಗಿದ ಮೇಲೆ ಗುಡಿಸಲು ಪೌರಕಾರ್ಮಿಕರಿಗೆ ಹೆಚ್ಚುವರಿ ಕೂಲಿ, ಇವಿಷ್ಟಕ್ಕೆ ದುಡ್ಡು ತೆಗೆದಿಟ್ಟರೆ ಸಾಕು.