ಮಡಿಲಲ್ಲಿದ್ದ ಮಗುವಿಗೆ ಲೈಫ್ ಜಾಕೆಟ್ ಬೇಡವೇ?

ಚಿಗಟೇರಿಯಂಥ ಒಳನಾಡಿನ ಊರಿನವರಾದ ನಮಗೆ ದೋಣಿ ಹತ್ತುವ ಯೋಗ ಬರುವುದು ಪ್ರವಾಸದಲ್ಲೇ. ಹಂಪಿಯ ತೆಪ್ಪವಿರಲಿ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟ್ ಇರಲಿ, ಗೋವಾದ ಕ್ರೂಸ್ ಇರಲಿ, 'ಮಗು ಮಡಿಲಲ್ಲೇ ಇದೆಯಲ್ಲ' ಎಂದು ಧೈರ್ಯವಾಗಿರುತ್ತೇವೆ.

ಆದರೆ ದೋಣಿ ಮಗುಚಿದರೆ ಹಿಡಿದ ಕೈ ತಪ್ಪಿಹೋಗುತ್ತದೆ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು.

ದೊಡ್ಡವರ ಜಾಕೆಟ್ ಹಾಕಿದರೂ ಸಾಲದು. ನೀರಿಗೆ ಬಿದ್ದಾಗ ಅದು ಮೇಲಕ್ಕೆ ಸರಿದು ಮಗು ಕೆಳಗೆ ಜಾರಬಹುದು. ಮಗುವಿನ ತೂಕಕ್ಕೆ ತಕ್ಕದ್ದನ್ನೇ ಕೇಳಿ ಪಡೆಯಿರಿ. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಭುಜದ ಬಳಿ ಹಿಡಿದು ಎತ್ತಿ ನೋಡಿ. ಜಾಕೆಟ್ ಗದ್ದ ದಾಟಿ ಮೇಲೆ ಬಂದರೆ ಸಡಿಲವಿದೆ ಎಂದರ್ಥ. ಗಾಳಿ ತುಂಬುವ ಟ್ಯೂಬ್ ಇದಕ್ಕೆ ಬದಲಿಯಲ್ಲ.

ಹೊಟ್ಟೆ ಖಾಲಿಯಿದ್ದರೆ ವಾಂತಿಯಾಗದು ಎಂಬುದೂ ತಪ್ಪು ನಂಬಿಕೆ. ಒಳಕಿವಿಗೆ ಅಲುಗಾಟ ಗೊತ್ತಾಗುವಾಗ ಕಣ್ಣು ಮೊಬೈಲ್‌ನಲ್ಲೇ ನೆಟ್ಟಿದ್ದರೆ ಮೆದುಳಿಗೆ ಗೊಂದಲವಾಗಿ ವಾಕರಿಕೆ ಬರುತ್ತದೆ. 2ರಿಂದ 12 ವರ್ಷದ ಮಕ್ಕಳಿಗೆ ಈ ತೊಂದರೆ ಹೆಚ್ಚು. ಹಗುರವಾಗಿ ಏನಾದರೂ ತಿನ್ನಿಸಿ, ದೋಣಿಯ ನಡುವೆ ಕೂರಿಸಿ, ದೂರದ ದಡ ತೋರಿಸಿ.

ಮಗುವಿನ ಅಳತೆಯ ಜಾಕೆಟ್ ಇಲ್ಲವೆಂದರೆ? ಟಿಕೆಟ್ ಹಣ ಹೋದರೂ ಸರಿ, ದೋಣಿ ಹತ್ತಬೇಡಿ.