ಗೆದ್ದದ್ದು ಹ್ಯಾನೋವರ್, ಸ್ಟಿಕರ್ ಅಂಟಿದ್ದು ಪುಣೆಯಲ್ಲಿ

ಪುಣೆಯ ಕಾರು ಹುಚ್ಚಿನವರ ನಡುವೆ ಕೂತರೆ ಹತ್ತು ನಿಮಿಷದೊಳಗೆ ಒಂದು ಮಾತು ಬಂದೇ ಬರುತ್ತದೆ: ಪೋಲೋ ಅಂದರೆ ವಿಶ್ವ ರ‍್ಯಾಲಿ ಗೆದ್ದ ಕಾರು, ಅದೂ ನಮ್ಮ ಚಾಕಣ್‌ನಲ್ಲೇ ತಯಾರಾದದ್ದು. ನಾನಿರುವ ಧನಕವಡಿ ಊರಿನ ದಕ್ಷಿಣದ ತುದಿಯಲ್ಲಿದೆ, ಚಾಕಣ್ ಉತ್ತರಕ್ಕೆ. ಆದರೂ ಆ ಕಾರ್ಖಾನೆಯ ಮೇಲಿನ ಅಭಿಮಾನ ಇಲ್ಲಿಯವರೆಗೆ ಹರಿದು ಬಂದಿದೆ. ನಮ್ಮ ಬೀದಿಯಲ್ಲೇ ಡಬ್ಲ್ಯುಆರ್‌ಸಿ ಎಂದು ದಪ್ಪಕ್ಷರದಲ್ಲಿ ಬರೆಸಿಕೊಂಡ 1.2 ಲೀಟರಿನ ಪೋಲೋ ನಿಲ್ಲುತ್ತದೆ. ಮಾಲೀಕರು ಸಜ್ಜನರು, ನನಗೆ ಅವರ ಮೇಲೆ ಕೋಪವಿಲ್ಲ. ನನ್ನ ತಕರಾರು ಆ ಅಕ್ಷರಗಳ ಮೇಲೆ.

ಯಾಕೆಂದರೆ ಆ ಮಾತಿನ ಎರಡು ಅರ್ಧಗಳೂ ಬೇರೆಬೇರೆಯಾಗಿ ನಿಜ. ಕೂಡಿಸಿದಾಗ ಸುಳ್ಳು.

ಮೊದಲ ಅರ್ಧ ನೋಡಿ. ಪೋಲೋ ಆರ್ ಡಬ್ಲ್ಯುಆರ್‌ಸಿ ಹುಟ್ಟಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ಫೋಕ್ಸ್‌ವ್ಯಾಗನ್‌ನ ಮೋಟರ್‌ಸ್ಪೋರ್ಟ್ ವಿಭಾಗದ ಕೈಯಲ್ಲಿ. 2011ರಲ್ಲಿ ಘೋಷಣೆ. 2012 ಇಡೀ ವರ್ಷ ಪರೀಕ್ಷೆ. ಆ ವರ್ಷ ತಂಡದವರು ಪೈಪೋಟಿಯ ಅನುಭವಕ್ಕೆಂದು ಸೋದರ ಕಂಪನಿ ಸ್ಕೋಡಾದ ಫಾಬಿಯಾ ಓಡಿಸಿದರು. ತಮ್ಮ ಕಾರು ಮಾಗುವವರೆಗೆ ಸ್ಪರ್ಧೆಗೆ ಇಳಿಸಲಿಲ್ಲ. ಈ ತಾಳ್ಮೆಗೆ ನನ್ನ ನಮಸ್ಕಾರ. 2013ರ ಜನವರಿಯಲ್ಲಿ ಮೊಂಟೆ ಕಾರ್ಲೊದಲ್ಲಿ ಸೆಬಾಸ್ಟಿಯನ್ ಓಜಿಯೆ ಎರಡನೆಯ ಸ್ಥಾನ ಪಡೆದ. ಮುಂದಿನ ತಿಂಗಳು ಸ್ವೀಡನ್ನಿನ ಹಿಮದ ಮೇಲೆ ಗೆದ್ದ. ಅಲ್ಲಿಂದ 2016ರ ಕೊನೆಯವರೆಗೆ 52 ರ‍್ಯಾಲಿಗಳಲ್ಲಿ 43 ಗೆಲುವು, ನಾಲ್ಕು ವರ್ಷವೂ ಚಾಲಕರ ಪ್ರಶಸ್ತಿ, ನಾಲ್ಕು ವರ್ಷವೂ ತಯಾರಕರ ಪ್ರಶಸ್ತಿ. ಇಂಥ ಏಕಪಕ್ಷೀಯ ಆಟ ರ‍್ಯಾಲಿಯ ಚರಿತ್ರೆಯಲ್ಲಿ ಅಪರೂಪ.

ಆ ಕಾರಿನಲ್ಲಿ 1.6 ಲೀಟರ್ ಟರ್ಬೊ ಎಂಜಿನ್, 300ಕ್ಕೂ ಮಿಕ್ಕಿದ ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಎಳೆತ, ಸುಮಾರು 1200 ಕಿಲೊ ತೂಕ. ಚಾಕಣ್‌ನ ಪೋಲೋಗೆ ಮುಂದಿನ ಎರಡು ಚಕ್ರಕ್ಕಷ್ಟೇ ಎಳೆತ. ಎರಡಕ್ಕೂ ಸಮಾನವಾದದ್ದು ಹೆಸರು ಮತ್ತು ಮುಖದ ಹೋಲಿಕೆ, ಅದರಾಚೆಗೆ ಬಹಳ ಸ್ವಲ್ಪ.

ಯಾವಾಗಲೂ ಹೀಗಿರಲಿಲ್ಲ ಎಂಬುದೇ ನನ್ನ ಸಂಕಟ. ಗ್ರೂಪ್ ಎ ನಿಯಮದ ಕಾಲದಲ್ಲಿ, ರ‍್ಯಾಲಿಗೆ ಇಳಿಸಬೇಕಾದರೆ ಆ ಮಾದರಿಯ ಕಾರುಗಳನ್ನು ಮೊದಲು 5000, ಆಮೇಲಿನ ವರ್ಷಗಳಲ್ಲಿ 2500 ತಯಾರಿಸಲೇಬೇಕಿತ್ತು. ಲಾಂಚಿಯಾ ಡೆಲ್ಟಾ ಇಂಟಿಗ್ರಾಲೆ, ಮಿತ್ಸುಬಿಷಿ ಲ್ಯಾನ್ಸರ್ ಇವಲ್ಯೂಷನ್ ಹುಟ್ಟಿದ್ದು ಈ ಒತ್ತಡದಿಂದ. ಕಾರ್ಖಾನೆ ಕಲಿತದ್ದರಲ್ಲಿ ಒಂದು ಪಾಲು ಕೊಂಡವನ ಮನೆಗೂ ಬರುತ್ತಿತ್ತು. 1997ರ ವರ್ಲ್ಡ್ ರ‍್ಯಾಲಿ ಕಾರ್ ನಿಯಮ ಈ ಹಂಗನ್ನು ಕಿತ್ತುಹಾಕಿತು. ಅಂಗಡಿಯಲ್ಲಿ ಟರ್ಬೊ, ನಾಲ್ಕು ಚಕ್ರದ ಎಳೆತ ಇರುವ ಕಾರು ಮಾರದಿದ್ದರೂ ರ‍್ಯಾಲಿ ಕಾರಿಗೆ ಅವನ್ನು ಜೋಡಿಸಿಕೊಳ್ಳಬಹುದಾಯಿತು. ಫೋಕ್ಸ್‌ವ್ಯಾಗನ್ ಯುರೋಪಿಗಾಗಿ ಪೋಲೋ ಆರ್ ಡಬ್ಲ್ಯುಆರ್‌ಸಿ ಹೆಸರಿನಲ್ಲೇ 2500 ರಸ್ತೆ ಕಾರುಗಳ ವಿಶೇಷ ಆವೃತ್ತಿ ತಂದಿತು. ಅದಕ್ಕೂ ಮುಂದಿನ ಚಕ್ರಗಳಿಗಷ್ಟೇ ಎಳೆತ! ನಮಗೆ ಅದೂ ಬರಲಿಲ್ಲ. ನಮಗೆ ಬಂದದ್ದು 2016ರ ನವೆಂಬರಿನಲ್ಲಿ, ಆಮದು ಮಾಡಿದ ಮೂರು ಬಾಗಿಲಿನ ಪೋಲೋ ಜಿಟಿಐ, ಇಡೀ ದೇಶಕ್ಕೆ 99, ಬೆಲೆ 25 ಲಕ್ಷದ ಮೇಲೆ. ಅದೇ ತಿಂಗಳು ಕಂಪನಿ ವಿಶ್ವ ರ‍್ಯಾಲಿಯಿಂದ ಹೊರನಡೆಯಿತು. ಡೀಸೆಲ್ ಹೊಗೆಯ ಮೋಸ ಬಯಲಾಗಿ ವರ್ಷ ಕಳೆದಿತ್ತು, ದುಡ್ಡಿಗೆ ಬೇರೆ ದಾರಿಗಳಿದ್ದವು. ಹೊಸ ನಿಯಮಕ್ಕೆಂದು ಸಿದ್ಧಪಡಿಸುತ್ತಿದ್ದ 2017ರ ಪೋಲೋ ಡಬ್ಲ್ಯುಆರ್‌ಸಿ ಒಂದು ರ‍್ಯಾಲಿಯನ್ನೂ ಕಾಣಲಿಲ್ಲ.

ಈಗ ಎರಡನೆಯ ಅರ್ಧ. ಚಾಕಣ್ ಕಾರ್ಖಾನೆ ತೆರೆದದ್ದು 2009ರಲ್ಲಿ. ಅಲ್ಲಿಂದ ಮೊದಲು ಹೊರಬಂದದ್ದು ಪೋಲೋ ಅಲ್ಲ, ಸ್ಕೋಡಾ ಫಾಬಿಯಾ. ಮುಂದೆ ದೆಹಲಿಯ ಗೌರವ್ ಗಿಲ್ ಎಂಆರ್‌ಎಫ್ ತಂಡಕ್ಕಾಗಿ 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಪ್ರಶಸ್ತಿ ಗೆದ್ದದ್ದೂ ಫಾಬಿಯಾದಲ್ಲೇ. ಆದರೆ ಆ ಫಾಬಿಯಾಗಳು ಚಾಕಣ್‌ನವಲ್ಲ, ಜೆಕ್ ದೇಶದವು. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟದ ಕೆಮ್ಮಣ್ಣಿನಲ್ಲಿ ಅವು ಹಾರಿ ಹೋದಾಗ ನಾವು ಚಪ್ಪಾಳೆ ತಟ್ಟಿದ್ದು ಚಾಲಕನಿಗೆ, ಸರಿಯಾಗಿಯೇ ತಟ್ಟಿದ್ದೆವು.

ಚಾಕಣ್‌ನಲ್ಲಿ ಏನೂ ಆಗಲಿಲ್ಲ ಎಂದರೆ ಅನ್ಯಾಯವಾದೀತು. 2010ರಿಂದ ಪೋಲೋ ಕಪ್ ನಡೆಯಿತು, ಆಮೇಲೆ ವೆಂಟೊ, ಅಮಿಯೊ ಬಂದವು. ಹಲವು ಹುಡುಗರು ಅಲ್ಲಿ ಓಡಿಸಲು ಕಲಿತರು. ಆದರೆ ಅದು ಮುಖ್ಯವಾಗಿ ಸರ್ಕ್ಯೂಟ್ ಕೆಲಸ. ಎಲ್ಲರಿಗೂ ಒಂದೇ ಕಾರು, ನುಣುಪಾದ ಡಾಂಬರು. ಕಲ್ಲು, ಕೆಸರು, ಹಳ್ಳ ದಾಟುವ ಕಾರು ಕಟ್ಟುವುದು ಬೇರೆಯೇ ವಿದ್ಯೆ.

ಆ ವಿದ್ಯೆಯನ್ನು ಪೋಲೋಗೆ ಕಲಿಸಿದವರು ಗ್ಯಾರೇಜಿನವರು. ಭಾರತದ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ಪಿನಲ್ಲಿ ಪೋಲೋ ವರ್ಷಗಟ್ಟಲೆ ಓಡಿದ್ದು ಖಾಸಗಿ ತಂಡಗಳ ಬಲದಿಂದ. ಚಾಂಪಿಯನ್ ಪಟ್ಟಕ್ಕೇರಿದ ಬೆಂಗಳೂರಿನ ಕರ್ಣ ಕಡೂರ್, ಮಂಗಳೂರಿನ ಡೀನ್ ಮಸ್ಕರೇನ್ಹಸ್ ಇವರೆಲ್ಲ ಓಡಿಸಿದ್ದು ಇದನ್ನೇ. 1.6ರ ಎಂಜಿನ್ ಹಾಕಿ, ಒಳಗಿನ ಸೀಟು, ಬಟ್ಟೆ ಎಲ್ಲ ಕಿತ್ತು, ರೋಲ್ ಕೇಜ್ ಬೆಸೆದು, ಹೊಟ್ಟೆಯಡಿಗೆ ತಗಡು ಕಟ್ಟಿ, ಸಸ್ಪೆನ್ಷನ್ ಬದಲಿಸಿ ಇದನ್ನು ರ‍್ಯಾಲಿ ಕಾರು ಮಾಡಬೇಕು. ನಾಲ್ಕು ಮೀಟರಿನೊಳಗಿದ್ದು ಪೆಟ್ರೋಲ್ ಎಂಜಿನ್ 1.2 ಲೀಟರ್ ಮೀರದಿದ್ದರೆ ಕಡಿಮೆ ತೆರಿಗೆ ಎಂಬ ನಮ್ಮ ಸರ್ಕಾರದ ಲೆಕ್ಕಾಚಾರದಿಂದಾಗಿ 1.6ರ ಪೋಲೋ ಶೋರೂಮಿನಲ್ಲಿ ಹೆಚ್ಚು ಕಾಲ ಬಾಳಲಿಲ್ಲ. ಅಂದರೆ ರ‍್ಯಾಲಿಗೆ ಬೇಕಾದ ಪೋಲೋವನ್ನು ಮಾರುಕಟ್ಟೆ ಕೈಬಿಟ್ಟ ಮೇಲೂ ಉಳಿಸಿಕೊಂಡವರು ಈ ಮೆಕ್ಯಾನಿಕ್‌ಗಳು.

ಕಾರ್ಖಾನೆ ನಿಜವಾಗಿ ಮೈದಾನಕ್ಕಿಳಿದರೆ ಹೇಗಿರುತ್ತದೆ ಎಂಬುದಕ್ಕೂ ಉದಾಹರಣೆ ಅದೇ ಚಾಕಣ್‌ನಲ್ಲಿದೆ. ಮಹೀಂದ್ರಾದ ಎಕ್ಸ್‌ಯುವಿ500 ತಯಾರಾಗುತ್ತಿದ್ದದ್ದು ಅಲ್ಲೇ. ಆ ಭಾರಿ ಗಾಡಿಯನ್ನೇ ಸೂಪರ್ ಎಕ್ಸ್‌ಯುವಿ500 ಮಾಡಿ ಕಂಪನಿ ತನ್ನ ಹೆಸರಿನ ತಂಡ ಇಳಿಸಿತು. ಎತ್ತರದ ಡೀಸೆಲ್ ಗಾಡಿ ರ‍್ಯಾಲಿ ಓಡುತ್ತದೆಯೇ ಎಂದು ನಕ್ಕವರಿದ್ದರು. ಗೌರವ್ ಗಿಲ್ ಚಕ್ರ ಹಿಡಿದು, ನಮ್ಮ ಕಾಸರಗೋಡಿನ ಮೂಸಾ ಷರೀಫ್ ಪಕ್ಕದಲ್ಲಿ ಕೂತು ದಾರಿ ಓದಿ, ರಾಷ್ಟ್ರೀಯ ಪ್ರಶಸ್ತಿ ಗೆದ್ದು ಬಂದರು. ಸೋತಿದ್ದರೆ ಆ ಸೋಲೂ ಮಹೀಂದ್ರಾದ್ದೇ ಆಗುತ್ತಿತ್ತು. ಕಾರ್ಖಾನೆ ತಂಡ ಎಂಬ ಮಾತಿಗೆ ನನ್ನ ಮಟ್ಟಿಗೆ ಇರುವ ಅರ್ಥ ಇದು: ಸೋಲಿನ ಬಾಬತ್ತೂ ತನ್ನದೆಂದು ಹೇಳುವುದು. ಆದರೂ ಧನಕವಡಿಯಲ್ಲಿ ಆ ಗೆಲುವಿನ ಸ್ಟಿಕರ್ ಅಂಟಿಸಿಕೊಂಡ ಒಂದು ಎಕ್ಸ್‌ಯುವಿಯನ್ನೂ ನಾನು ಕಂಡಿಲ್ಲ. ನಮ್ಮದಾದ ಗೆಲುವು ಸಾಕಾಗಲಿಲ್ಲ, ನಮ್ಮದಲ್ಲದ್ದು ಬೇಕಾಯಿತು.

ಸ್ಟಿಕರ್ ತಾನೆ, ಅಷ್ಟು ದೊಡ್ಡದು ಮಾಡಬೇಕೇ ಎಂದು ನೀವು ಕೇಳಬಹುದು. ಮಾಡಬೇಕು. ಈ ಸುತ್ತಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ರಾತ್ರಿಯೆಲ್ಲ ಎದ್ದು ಬಾಹಾ ಸ್ಪರ್ಧೆಗೆ ಬಗ್ಗಿ ಕಟ್ಟುತ್ತಾರೆ. ಹ್ಯಾನೋವರ್‌ನ ಕಾರಿನ ರಿಸ್ಟ್ರಿಕ್ಟರ್ ಅಳತೆ ಅವರಿಗೆ ಬಾಯಿಪಾಠ. ನಮ್ಮ ಪೋಲೋದ ಕೇಜ್ ಎಲ್ಲಿ ಬಿರುಕು ಬಿಡುತ್ತದೆ, ಗೇರ್‌ಬಾಕ್ಸ್ ಎಷ್ಟು ಸ್ಟೇಜ್ ತಾಳುತ್ತದೆ ಎಂದು ಕೇಳಿದರೆ ಓದಲು ಒಂದು ಪುಟವಿಲ್ಲ. ಅದು ಗೊತ್ತಿರುವವರಿಗೆ ವಯಸ್ಸಾಗುತ್ತಿದೆ. ಇಲ್ಲಿಯ ಪೋಲೋ ತಯಾರಿಕೆ 2022ರಲ್ಲಿ ನಿಂತಿತು. ಕಂಪನಿಗೆ ನಿಜವಾಗಿ ರ‍್ಯಾಲಿಯ ಮೇಲೆ ಪ್ರೀತಿಯಿದ್ದರೆ ಬಿಡಿಭಾಗಗಳನ್ನು ಖಾಸಗಿ ತಂಡಗಳಿಗಾಗಿ ಇನ್ನಷ್ಟು ವರ್ಷ ತೆಗೆದಿಡಲಿ, ಬಾಡಿಯ ಅಳತೆ ನಕ್ಷೆಗಳನ್ನು ಕಾಲೇಜುಗಳಿಗೆ ಕೊಡಲಿ. ಕ್ಲಬ್ಬುಗಳು ಪ್ರತಿ ರ‍್ಯಾಲಿಯ ಫಲಿತಾಂಶದ ಹಾಳೆಯಲ್ಲಿ ಚಾಲಕ, ಸಹಚಾಲಕರ ಕೆಳಗೆ ಇನ್ನೊಂದು ಸಾಲು ಸೇರಿಸಲಿ: ಕಾರು ಕಟ್ಟಿದವರು ಯಾರು, ಯಾವ ಊರಿನವರು. ಅದಕ್ಕೆ ಬೇಕಾದದ್ದು ಒಂದು ಸಾಲಿನಷ್ಟು ಶಾಯಿ.