ವೋಚರ್ ಇಲ್ಲದೆ ಎಂಟ್ರಿ ಇಲ್ಲ

ನಮ್ಮ ಅಕೌಂಟೆನ್ಸಿ ಸರ್ ಪ್ರಥಮ ಪಿಯುಸಿಯ ಮೊದಲ ತರಗತಿಯಲ್ಲೇ ಬೋರ್ಡಿನ ಮೇಲೆ ಬರೆದ ಮಾತು ಇದು: ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಬಿಲ್ಲೋ, ರಸೀದಿಯೋ, ಏನಾದರೂ ಒಂದು ಕಾಗದ ಕೈಯಲ್ಲಿಲ್ಲದೆ ಜರ್ನಲ್‌ನಲ್ಲಿ ಒಂದು ಸಾಲನ್ನೂ ಬರೆಯಬಾರದು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಾಗ ನನಗೆ ಪೂರ್ತಿ ಅಂಕ ಸಿಕ್ಕಿತ್ತು. ಆದರೆ ಕಳೆದ ಸೆಪ್ಟೆಂಬರ್‌ನಲ್ಲಿ ನಾನು ಒಬ್ಬಳ ಹೆಸರಿನ ಮುಂದೆ ಯಾವ ವೋಚರೂ ಇಲ್ಲದೆ ‘ಮೋಸ’ ಎಂದು ಎಂಟ್ರಿ ಹಾಕಿಬಿಟ್ಟೆ. ಅದರ ಬಗ್ಗೆ ಹೇಳಲು, ಮುಂದಿನ ಪಂದ್ಯಾವಳಿ ಹೇಗೆ ನಡೆಯಬೇಕು ಎಂಬ ನನ್ನ ಅಭಿಪ್ರಾಯ ತಿಳಿಸಲು ಈ ಲೇಖನ.

ನಡೆದದ್ದು ಇಷ್ಟು. ಅಂತರ ತರಗತಿ ಚೆಸ್ ಪಂದ್ಯಾವಳಿಯ ಸಮಯದಲ್ಲಿ ಹಾಲ್‌ನಲ್ಲಿ ಪರೀಕ್ಷೆ ಇದ್ದುದರಿಂದ ಮೊದಲ ಸುತ್ತುಗಳನ್ನು ಮೊಬೈಲ್ ಆ್ಯಪ್‌ನಲ್ಲಿ ಆಡಿಸಿದರು. ನನ್ನ ಎದುರಾಳಿ ಪ್ರಥಮ ಪಿಯುಸಿ ಸೈನ್ಸ್‌ನ ಹುಡುಗಿ. ಆ್ಯಪ್‌ನಲ್ಲಿ ನನ್ನ ರೇಟಿಂಗ್ 1320, ಅವಳದು 940. ನಾನು ಸೋತೆ. ಅವಳು ಮೊದಲ ಹತ್ತು ನಡೆಗಳನ್ನು ಎರಡೆರಡು ಸೆಕೆಂಡಿನಲ್ಲಿ ಆಡಿದ್ದಳು. ಆಟ ಮುಗಿದು ಐದು ನಿಮಿಷವೂ ಆಗಿರಲಿಲ್ಲ, ನಮ್ಮ ತರಗತಿಯ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: “940 ಇರೋಳು ಹೀಗೆ ಆಡ್ತಾಳಾ? ಎಂಜಿನ್ ಇಟ್ಕೊಂಡೇ ಆಡಿರೋದು.” ಸಂಜೆಯ ಹೊತ್ತಿಗೆ ಆ ಮೆಸೇಜಿನ ಸ್ಕ್ರೀನ್‌ಶಾಟ್ ಅವಳ ತರಗತಿಯ ಗ್ರೂಪಿಗೂ ಹೋಗಿತ್ತು. ಮರುದಿನ ಅವಳು ಪಂದ್ಯಾವಳಿಯಿಂದ ಹೆಸರು ವಾಪಸ್ ತೆಗೆದುಕೊಂಡಳು. ಲೈಬ್ರರಿಯ ಕಿಟಕಿ ಪಕ್ಕದ ಚೆಸ್ ಬೋರ್ಡಿನ ಹತ್ತಿರ ಪ್ರತಿ ಲಂಚ್ ಬ್ರೇಕಿಗೂ ಬರುತ್ತಿದ್ದವಳು ಬರುವುದನ್ನೇ ಬಿಟ್ಟಳು. ಅವಳು ಹೋದದ್ದರಿಂದ ಮುಂದಿನ ಸುತ್ತಿಗೆ ಹೋದವಳು ನಾನು.

ಒಂದು ವಾರದ ನಂತರ ಮನೆಯಲ್ಲಿ ಕುಳಿತು ಆ ಆಟವನ್ನು ಮತ್ತೆ ಒಂದೊಂದೇ ನಡೆಯಾಗಿ ನೋಡಿದೆ. ಅವಳು ಆಡಿದ್ದು ಇಟಾಲಿಯನ್ ಓಪನಿಂಗ್. ರಾಜನ ಮುಂದಿನ ಕಾಲಾಳು ಎರಡು ಮನೆ, ಆಮೇಲೆ ಕುದುರೆ, ಆಮೇಲೆ ಒಂಟೆ. ನೂರಾರು ವರ್ಷಗಳಿಂದ ಪುಸ್ತಕಗಳಲ್ಲಿರುವ, ಯೂಟ್ಯೂಬಿನಲ್ಲಿ ಯಾರು ಬೇಕಾದರೂ ಕಲಿಯಬಹುದಾದ ದಾರಿ. ಬಾಯಿಪಾಠ ಬಂದವರು ಅದನ್ನು ಎರಡು ಸೆಕೆಂಡಿನಲ್ಲಲ್ಲದೆ ಮತ್ತೆ ಹೇಗೆ ಆಡುತ್ತಾರೆ? 13ನೇ ನಡೆಯಲ್ಲಿ ನಾನೇ ನನ್ನ ಕುದುರೆಯನ್ನು ರಕ್ಷಣೆಯಿಲ್ಲದೆ ಬಿಟ್ಟಿದ್ದೆ. ಅವಳು ಅದನ್ನು ಹೊಡೆದಳು, ಅಷ್ಟೇ. 22ನೇ ನಡೆಯಲ್ಲಿ ಅವಳಿಗೆ ಎರಡೇ ನಡೆಯಲ್ಲಿ ಚೆಕ್‌ಮೇಟ್ ಇತ್ತು, ಅದು ಅವಳಿಗೆ ಕಾಣಲೇ ಇಲ್ಲ. ಯಾವ ಎಂಜಿನ್ನೂ ಅದನ್ನು ಬಿಡುವುದಿಲ್ಲ. ಅವಳ ಹಳ್ಳಿಯ ಸರ್ಕಾರಿ ಹೈಸ್ಕೂಲಿನ ಪಿಟಿ ಮಾಸ್ಟರ್ ಮಕ್ಕಳಿಗೆ ಆ ಒಂದೇ ಓಪನಿಂಗನ್ನು ಚೆನ್ನಾಗಿ ಕಲಿಸಿದ್ದರು ಎಂದು ನಂತರ ಅವಳ ಗೆಳತಿಯಿಂದ ತಿಳಿಯಿತು.

ಹಾಗಾದರೆ ನನಗೆ ಅಷ್ಟು ಬೇಗ ಅನುಮಾನ ಬಂದದ್ದು ಏಕೆ? ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. 2021ರ ಲಾಕ್‌ಡೌನ್‌ನಲ್ಲಿ, ಏಳನೇ ತರಗತಿಯಲ್ಲಿದ್ದಾಗ, ನಾನು ಎಂಜಿನ್ ಬಳಸಿ ಆಡಿದ್ದೆ. ಆನ್‌ಲೈನ್ ಕ್ಲಾಸಿಗೆಂದು ಅಬ್ಬಾ ಕೊಟ್ಟ ಫೋನಿನಲ್ಲಿ ಆಟ, ಭಾಯ್‌ಜಾನ್‌ನ ಲ್ಯಾಪ್‌ಟಾಪಿನಲ್ಲಿ ಉತ್ತರ. ಒಂದು ವಾರದಲ್ಲಿ ರೇಟಿಂಗ್ 250 ಅಂಕ ಏರಿತು. ಎಂಟನೆಯ ದಿನ ಆ್ಯಪ್‌ನವರು ಖಾತೆ ಮುಚ್ಚಿದರು. ಹೊಸ ಹೆಸರಿನಲ್ಲಿ ಹೊಸ ಖಾತೆ ತೆರೆದೆ, ಸುಮ್ಮನಾದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಾಗಾಗಿತ್ತು ನನ್ನ ಕಥೆ.

ರೇಟಿಂಗ್ ಎಂದರೇನು ಎಂಬುದು ಆಗ ನನಗೆ ಗೊತ್ತೇ ಇರಲಿಲ್ಲ. ಅದನ್ನು ಒಂದು ಬಹುಮಾನ ಎಂದುಕೊಂಡಿದ್ದೆ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಅರ್ಪಾಡ್ ಎಲೋ ಈ ಪದ್ಧತಿಯನ್ನು ರೂಪಿಸಿದರು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಅದನ್ನು ಒಪ್ಪಿಕೊಂಡಿತು. ಕಾಮರ್ಸ್‌ನವರಿಗೆ ಇದು ಸುಲಭ, ಏಕೆಂದರೆ ಇದು ಒಂದು ಅಂದಾಜು ಪತ್ರಿಕೆ. ಇಬ್ಬರ ನಡುವೆ 200 ಅಂಕದ ಅಂತರವಿದ್ದರೆ ಮೇಲಿನವರು ನಾಲ್ಕು ಆಟಗಳಲ್ಲಿ ಸುಮಾರು ಮೂರು ಅಂಕ ಗಳಿಸಬೇಕು ಎಂದು ಲೆಕ್ಕ. 400 ಅಂತರವಿದ್ದರೆ ಹತ್ತರಲ್ಲಿ ಸುಮಾರು ಒಂಬತ್ತು. ಅಂದಾಜಿಗಿಂತ ಚೆನ್ನಾಗಿ ಆಡಿದರೆ ರೇಟಿಂಗ್ ಏರುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಫಿಡೆ ಲೆಕ್ಕದಲ್ಲಿ ಹೊಸಬರಿಗೆ ಒಂದು ಆಟದ ಗುಣಕ 40. ಅಂದರೆ ಸರಿಸಮಾನರನ್ನು ಗೆದ್ದರೆ 20 ಅಂಕ ಜಮಾ, ಸೋತರೆ 20 ಖರ್ಚು.

ಈ ಲೆಕ್ಕದಿಂದ ಎರಡು ಸಂಗತಿ ಸ್ಪಷ್ಟವಾಗುತ್ತವೆ. ಒಂದು, 1320 ಇರುವವಳು 940 ಇರುವವಳ ಎದುರು ಹತ್ತರಲ್ಲಿ ಒಂದು ಆಟ ಸೋಲುವುದನ್ನು ರೇಟಿಂಗೇ ಮೊದಲೇ ಹೇಳಿದೆ. ಅದು ಪವಾಡವೂ ಅಲ್ಲ, ಮೋಸಕ್ಕೆ ಸಾಕ್ಷಿಯೂ ಅಲ್ಲ. ಎರಡು, ಒಬ್ಬರ ಖಾತೆಗೆ ಜಮೆಯಾದ ಅಂಕ ಇನ್ನೊಬ್ಬರ ಖಾತೆಯಿಂದ ಹೋದದ್ದು. ಏಳನೇ ತರಗತಿಯಲ್ಲಿ ನಾನು ಗಳಿಸಿದ 250 ಅಂಕ, ಎಲ್ಲೋ ಕುಳಿತು ಪ್ರಾಮಾಣಿಕವಾಗಿ ಆಡುತ್ತಿದ್ದ ಹತ್ತಾರು ಜನರ ಜೇಬಿನಿಂದ ಎತ್ತಿದ್ದು. “ಆನ್‌ಲೈನ್ ತಾನೇ, ಯಾರಿಗೇನು ನಷ್ಟ” ಎನ್ನುವವರು ಈ ಲೆಡ್ಜರಿನ ಇನ್ನೊಂದು ಪುಟವನ್ನೂ ನೋಡಬೇಕು.

ಮೋಸ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ, ದೊಡ್ಡವರಲ್ಲೂ ಇದೆ. 2006ರಲ್ಲಿ ದೆಹಲಿಯ ಪಂದ್ಯಾವಳಿಯೊಂದರಲ್ಲಿ ಆಟಗಾರನೊಬ್ಬ ಟೋಪಿಯೊಳಗೆ ಬ್ಲೂಟೂತ್ ಸಾಧನ ಹೊಲಿಸಿಕೊಂಡು ಬಂದು ಸಿಕ್ಕಿಬಿದ್ದ. ಅಖಿಲ ಭಾರತ ಚೆಸ್ ಫೆಡರೇಶನ್ ಅವನನ್ನು 10 ವರ್ಷ ನಿಷೇಧಿಸಿತು. 2019ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಇಗೋರ್ಸ್ ರೌಸಿಸ್ ಎಂಬ ಗ್ರ್ಯಾಂಡ್‌ಮಾಸ್ಟರ್ ಶೌಚಾಲಯದಲ್ಲಿ ಫೋನ್ ಬಳಸಿದ್ದು ಬಯಲಾಗಿ, ಆರು ವರ್ಷ ನಿಷೇಧದ ಜೊತೆಗೆ ಬಿರುದನ್ನೂ ಕಳೆದುಕೊಂಡರು. 2021ರ ಜೂನ್‌ನಲ್ಲಿ ಕೋವಿಡ್ ಪರಿಹಾರ ನಿಧಿಗಾಗಿ ವಿಶ್ವನಾಥನ್ ಆನಂದ್ ಗಣ್ಯರ ಜೊತೆ ಆನ್‌ಲೈನ್ ಆಟ ಆಡಿದ್ದು ನಿಮಗೆ ನೆನಪಿರಬಹುದು. ನಮ್ಮ ಕಿಚ್ಚ ಸುದೀಪ್ ಕೂಡ ಅದರಲ್ಲಿದ್ದರು. ಅಲ್ಲಿ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಆನಂದ್ ಅವರನ್ನು ಗೆದ್ದರು. ಮರುದಿನ, ಕಂಪ್ಯೂಟರಿನ ಮತ್ತು ಬಲ್ಲವರ ನೆರವು ಪಡೆದಿದ್ದೆ ಎಂದು ತಾವೇ ಒಪ್ಪಿ ಕ್ಷಮೆ ಕೇಳಿದರು.

ಈ ಮೂರರಲ್ಲೂ ಒಂದು ವೋಚರ್ ಇತ್ತು ಎಂಬುದನ್ನು ಗಮನಿಸಿ. ಟೋಪಿ, ಫೋನು, ಸ್ವಂತ ಒಪ್ಪಿಗೆ. ಅದಿಲ್ಲದೆ ಆಪಾದನೆ ಹೊರಿಸಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಿಂಕ್‌ಫೀಲ್ಡ್ ಕಪ್‌ನಲ್ಲಿ 19 ವರ್ಷದ ಹ್ಯಾನ್ಸ್ ನೀಮನ್ ಕಪ್ಪು ಕಾಯಿಗಳಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಅವರನ್ನು ಸೋಲಿಸಿದರು. ಕಾರ್ಲ್‌ಸನ್ ಪಂದ್ಯಾವಳಿಯನ್ನೇ ಬಿಟ್ಟು ಹೋದರು, ಕೆಲವು ವಾರಗಳ ನಂತರ ಬಹಿರಂಗವಾಗಿ ಅನುಮಾನ ವ್ಯಕ್ತಪಡಿಸಿದರು. 12ನೇ ವಯಸ್ಸಿನಲ್ಲೂ 16ನೇ ವಯಸ್ಸಿನಲ್ಲೂ ಆನ್‌ಲೈನ್‌ನಲ್ಲಿ ಮೋಸ ಮಾಡಿದ್ದನ್ನು ನೀಮನ್ ಒಪ್ಪಿಕೊಂಡರು, ಆದರೆ ಎದುರು ಬದುರು ಕುಳಿತ ಆ ಆಟದಲ್ಲಿ ಮೋಸ ನಡೆದದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಕೋರ್ಟು ಕಚೇರಿ ಎಲ್ಲ ಆದ ಮೇಲೆ 2023ರ ಡಿಸೆಂಬರ್‌ನಲ್ಲಿ ಫಿಡೆ ದಂಡ ಹಾಕಿದ್ದು ಕಾರ್ಲ್‌ಸನ್ ಅವರಿಗೆ: ಸರಿಯಾದ ಕಾರಣವಿಲ್ಲದೆ ಪಂದ್ಯಾವಳಿ ಬಿಟ್ಟದ್ದಕ್ಕೆ 10,000 ಯೂರೋ.

ಇನ್ನೊಂದನ್ನು ಬರೆಯಲು ಕೈ ತಡೆಯುತ್ತದೆ. ಸಾವಿರಾರು ಮಕ್ಕಳಿಗೆ ಇಂಟರ್‌ನೆಟ್ಟಿನಲ್ಲಿ ಚೆಸ್ ಕಲಿಸಿದ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ನರೋಡಿಟ್ಸ್ಕಿ 2025ರ ಅಕ್ಟೋಬರ್‌ನಲ್ಲಿ 29ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೂ ಒಂದು ವರ್ಷದ ಹಿಂದಿನಿಂದ ಮಾಜಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಅವರ ಆಟದ ಬಗ್ಗೆ ಬಹಿರಂಗವಾಗಿ ಸಂಶಯ ಎತ್ತುತ್ತಲೇ ಇದ್ದರು. ನರೋಡಿಟ್ಸ್ಕಿ ಅದನ್ನು ನಿರಾಕರಿಸುತ್ತಲೇ ಇದ್ದರು, ಅದರಿಂದ ತಮಗಾದ ನೋವನ್ನೂ ಹೇಳಿಕೊಂಡಿದ್ದರು. ಸಾವಿಗೆ ಇದೇ ಕಾರಣ ಎಂದು ಹೇಳುವ ಹಕ್ಕು ನನಗಿಲ್ಲ. ಹಾಗೆ ಹೇಳಿದರೆ ಅದೂ ವೋಚರ್ ಇಲ್ಲದ ಎಂಟ್ರಿಯೇ. ಆದರೆ ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ವಾಟ್ಸಾಪ್ ತೆರೆದು ನನ್ನ ಹಳೆಯ ಮೆಸೇಜನ್ನು ಹುಡುಕಿ ಓದಿದೆ. ಡಿಲೀಟ್ ಮಾಡುವ ಸಮಯ ಎಂದೋ ಮುಗಿದಿತ್ತು.

ಅಮ್ಮಿಗೆ ಎಲ್ಲ ಹೇಳಿದೆ. ಅಮ್ಮಿಗೆ ಚೆಸ್ ಎಂದರೆ ಅಷ್ಟಕ್ಕಷ್ಟೇ. ಶತರಂಜ್ ಆಡಬಹುದೋ ಬಾರದೋ ಎಂಬ ಬಗ್ಗೆ ಆಲಿಮರಲ್ಲೇ ಬೇರೆ ಬೇರೆ ಅಭಿಪ್ರಾಯಗಳಿವೆ, ಆ ಚರ್ಚೆಗೆ ನಾನು ಹೋಗುವುದಿಲ್ಲ. ಅಮ್ಮಿ ಹೇಳಿದ್ದು ಇಷ್ಟೇ: “ಧೋಕಾ ದೇನಾ ಬೀ ಗುನಾಹ್, ಬದ್‌ಗುಮಾನಿ ಬೀ ಗುನಾಹ್. ತೂ ದೋನೋ ಕರೀ.” ಮೋಸವೂ ಪಾಪ, ಕೆಟ್ಟ ಅನುಮಾನವೂ ಪಾಪ, ನೀನು ಎರಡನ್ನೂ ಮಾಡಿದ್ದೀಯ ಎಂದು. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ನನಗೆ ಆಟ ಕಲಿಸಿದ್ದು ನಾನಾ, ಅಮ್ಮಿಯ ಅಬ್ಬಾ. ಅವರ ಬಾಯಲ್ಲಿ ಕಾಲಾಳು ಪ್ಯಾದಾ, ಮಂತ್ರಿ ವಜೀರ್. ಇವತ್ತಿಗೂ ಮೊದಲ ನಡೆಯಲ್ಲಿ ಪ್ಯಾದೆಯನ್ನು ಒಂದೇ ಮನೆ ಸರಿಸುತ್ತಾರೆ, ಎರಡು ಮನೆ ಸರಿಸಿದರೆ ಒಪ್ಪುವುದಿಲ್ಲ. ಅದು ಅವರ ತಪ್ಪೆಂದು ನಗುತ್ತಿದ್ದೆ. ಹಳೆಯ ಭಾರತೀಯ ಆಟದ ನಿಯಮವೇ ಅದಾಗಿತ್ತು ಎಂದು ಮೀರ್ ಸುಲ್ತಾನ್ ಖಾನ್ ಬಗ್ಗೆ ಓದಿದಾಗ ತಿಳಿಯಿತು. ಪಂಜಾಬಿನ ಹಳ್ಳಿಯಿಂದ ಬಂದ ಸುಲ್ತಾನ್ ಖಾನ್ ಆ ಹಳೆಯ ನಿಯಮದಲ್ಲೇ ಆಟ ಕಲಿತವರು. 1929ರಲ್ಲಿ ಇಂಗ್ಲೆಂಡಿಗೆ ಹೋದಾಗ ಯುರೋಪಿನವರ ಓಪನಿಂಗ್‌ಗಳು ಅವರಿಗೆ ಹೆಚ್ಚು ಗೊತ್ತಿರಲಿಲ್ಲ, ಆ ಪುಸ್ತಕಗಳನ್ನು ಓದುವ ಭಾಷೆಯೂ ಇರಲಿಲ್ಲ. ಆದರೂ 1929, 1932, 1933 ಹೀಗೆ ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದರು, ಹೇಸ್ಟಿಂಗ್ಸ್‌ನಲ್ಲಿ ಕಪಾಬ್ಲಾಂಕಾ ಅವರನ್ನು ಸೋಲಿಸಿದರು. ಅವರು ತೀರಿಕೊಂಡದ್ದು 1966ರಲ್ಲಿ, ಫಿಡೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟದ್ದು 2024ರಲ್ಲಿ. ಹಳ್ಳಿಯಿಂದ ಬಂದ ಹೆಸರಿಲ್ಲದ ಹುಡುಗ ಚಾಂಪಿಯನ್‌ಗಳನ್ನು ಸೋಲಿಸಿದ ಈ ಕಥೆಯನ್ನು ನಾನು ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಿದ್ದೆ. ಹಳ್ಳಿಯಿಂದ ಬಂದ ಹುಡುಗಿ ನನ್ನನ್ನು ಸೋಲಿಸಿದಾಗ ಮಾತ್ರ ನಂಬಲಾಗಲಿಲ್ಲ.

ಈಗ ಮುಂದಿನ ಪಂದ್ಯಾವಳಿಯ ವಿಷಯ. ಕ್ರೀಡಾ ವಿಭಾಗಕ್ಕೆ ನನ್ನ ಮನವಿ ನಾಲ್ಕು.

ಮೊದಲನೆಯದು, ಎಲ್ಲ ಸುತ್ತುಗಳೂ ಬೋರ್ಡಿನ ಮೇಲೆಯೇ ನಡೆಯಲಿ. ಹಾಲ್ ಇಲ್ಲದಿದ್ದರೆ ಒಂದು ವಾರ ತಡವಾಗಲಿ.

ಎರಡನೆಯದು, ಆಟ ಶುರುವಾಗುವ ಮೊದಲು ಎಲ್ಲರ ಫೋನುಗಳೂ ಸ್ವಿಚ್ ಆಫ್ ಆಗಿ ಪಿಟಿ ಸರ್ ಮೇಜಿನ ಮೇಲಿರಲಿ. ಫಿಡೆ ನಿಯಮದಲ್ಲೂ ಆಟದ ವೇಳೆ ಆಟಗಾರರ ಬಳಿ ಅನುಮತಿಯಿಲ್ಲದ ಫೋನ್ ಕಂಡರೆ ಆಟ ಸೋತಂತೆ.

ಮೂರನೆಯದು, ಅನುಮಾನ ಬಂದವರು ಗ್ರೂಪಿನಲ್ಲಿ ಬರೆಯದೆ ಕಾಗದದಲ್ಲಿ ಬರೆದು ಸರ್ ಕೈಗೆ ಕೊಡಲಿ. ಯಾವ ಆಟ, ಎಷ್ಟನೇ ನಡೆ, ಏನು ಕಂಡಿತು ಎಂಬುದು ಅದರಲ್ಲಿರಲಿ. ಬರೆಯಲು ಕುಳಿತಾಗ ಅರ್ಧ ಅನುಮಾನಗಳು ಅಲ್ಲೇ ಕರಗುತ್ತವೆ. ನನ್ನದಂತೂ ಕರಗುತ್ತಿತ್ತು.

ನಾಲ್ಕನೆಯದು, ಮೋಸ ಸಾಬೀತಾದರೆ ಆ ವರ್ಷ ಆಡುವಂತಿಲ್ಲ, ಸುಳ್ಳು ಆಪಾದನೆ ಹರಡಿದವರಿಗೂ ಅದೇ ಶಿಕ್ಷೆ. ಹೀಗಾದರೆ ಮೊದಲು ಹೊರಗುಳಿಯಬೇಕಾದವಳು ನಾನೇ. ಈ ವರ್ಷದ ಉಳಿದ ಪಂದ್ಯಗಳಿಂದ ನನ್ನ ಹೆಸರನ್ನು ತೆಗೆಯಲು ಸರ್‌ಗೆ ಬರೆದುಕೊಟ್ಟಿದ್ದೇನೆ.

ಇಷ್ಟು ಸಾಕ್ಷಿ ಕೇಳಿದರೆ ನಿಜವಾದ ಮೋಸಗಾರರು ತಪ್ಪಿಸಿಕೊಳ್ಳುವುದಿಲ್ಲವೇ ಎಂದು ನನ್ನ ತರಗತಿಯ ಗೆಳತಿಯೊಬ್ಬಳು ಕೇಳಿದಳು. ಒಬ್ಬಿಬ್ಬರು ತಪ್ಪಿಸಿಕೊಳ್ಳಬಹುದು. ಆದರೆ ಮೋಸ ಪತ್ತೆಯಾದಾಗ ಸೋತವರಿಗೆ ಅಂಕಗಳನ್ನು ವಾಪಸ್ ಕೊಡುವ ಆ್ಯಪ್‌ಗಳಿವೆ. ಮೋಸ ಎಂಬ ಹೆಸರು ಸುಳ್ಳಾಗಿ ಅಂಟಿದರೆ ಅದನ್ನು ವಾಪಸ್ ಕೊಡಿಸುವ ಆ್ಯಪ್ ಯಾವುದೂ ಇಲ್ಲ.

ಕಳೆದ ಸೋಮವಾರ ಸೈನ್ಸ್ ಬ್ಲಾಕಿಗೆ ಹೋಗಿ ಅವಳ ತರಗತಿಯ ಎದುರೇ ಕ್ಷಮೆ ಕೇಳಿದೆ. ಆಪಾದನೆ ಎಲ್ಲರ ಮುಂದೆ ಆಗಿದ್ದರಿಂದ ಕ್ಷಮೆಯೂ ಹಾಗೆಯೇ ಆಗಬೇಕು ಅನ್ನಿಸಿತು. ಅವಳು ಪುಸ್ತಕದಿಂದ ತಲೆ ಎತ್ತಿ, “ಪರವಾಗಿಲ್ಲ ಅಕ್ಕಾ” ಎಂದಳು. ಗುರುವಾರ ಲಂಚ್ ಬ್ರೇಕಿನಲ್ಲಿ ಲೈಬ್ರರಿಗೆ ಬರ್ತೀಯಾ, ಒಂದು ಆಟ ಆಡೋಣ ಎಂದೆ. “ನೋಡೋಣ” ಎಂದಳು.

ಗುರುವಾರ ಬೋರ್ಡ್ ಜೋಡಿಸಿಟ್ಟು ಕಾಯುತ್ತೇನೆ. ಬಿಳಿ ಕಾಯಿ ಅವಳ ಕಡೆಗೆ.